ಮಂಜೇಶ್ವರದ 89 ಮತಗಳು ಮತ್ತು ಯಾರೂ ಕೇಳದ ಎರಡನೇ ಪ್ರಶ್ನೆ

ನಮಸ್ಕಾರ. 2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಮಂಜೇಶ್ವರದ ಫಲಿತಾಂಶ ನಿರ್ಧಾರವಾದದ್ದು ಕೇವಲ 89 ಮತಗಳ ಅಂತರದಲ್ಲಿ. ಪಿ. ಬಿ. ಅಬ್ದುಲ್ ರಝಾಕ್ ಅವರಿಗೆ 56,870, ಕೆ. ಸುರೇಂದ್ರನ್ ಅವರಿಗೆ 56,781 ಮತಗಳು ಬಂದಿದ್ದವು. ಚುನಾವಣೆಯ ಮಾತು ಬಂದಾಗಲೆಲ್ಲ ವೀಕ್ಷಕರು ಆ 89ರ ಬಗ್ಗೆಯೇ ಕೇಳುತ್ತಾರೆ. ನನ್ನನ್ನು ಕಾಡುವ ಸಂಖ್ಯೆ ಮಾತ್ರ ಬೇರೆ. ಮೂರನೇ ಸ್ಥಾನದ ಅಭ್ಯರ್ಥಿಗೆ 42,565 ಮತಗಳಿದ್ದವು. ತಮ್ಮ ಅಭ್ಯರ್ಥಿ ಗೆಲ್ಲದಿದ್ದರೆ ಉಳಿದವರಲ್ಲಿ ಯಾರು ಆಗಬಹುದೆಂದು ಅಷ್ಟು ಜನರನ್ನು ಯಾರೂ ಕೇಳಲಿಲ್ಲ.

ಕೇಳದಿರುವುದು ಯಾರ ತಪ್ಪೂ ಅಲ್ಲ, ಅದು ನಮ್ಮ ಪದ್ಧತಿಯ ನಿಯಮ. ಎಲ್ಲರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು, ಅರ್ಧದಷ್ಟು ಬೇಕಾಗಿಲ್ಲ.

ಆ ಎರಡನೇ ಪ್ರಶ್ನೆಯನ್ನು ಕೇಳುವ ಚುನಾವಣೆಯೂ ನಮ್ಮ ದೇಶದಲ್ಲಿಯೇ ಇದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಸದರು ಮತ್ತು ಶಾಸಕರು ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ತಮ್ಮ ಆದ್ಯತೆಯನ್ನು ಅಂಕಿಗಳಲ್ಲಿ ಬರೆಯುತ್ತಾರೆ. ಅಕ್ಷರದಲ್ಲಿ ಬರೆಯುವಂತಿಲ್ಲ, ಆದರೆ ಭಾರತದ ಯಾವುದೇ ಭಾಷೆಯ ಅಂಕಿಯನ್ನು ಬಳಸಬಹುದು. ಅಂದರೆ ನಮ್ಮ ಮಂಜೇಶ್ವರದ ಶಾಸಕರು ಮನಸ್ಸು ಮಾಡಿದರೆ ಕನ್ನಡದ ೧ ಮತ್ತು ೨ ಬರೆದೇ ದೇಶದ ರಾಷ್ಟ್ರಪತಿಯನ್ನು ಆರಿಸಬಹುದು. ಗಡಿನಾಡಿನ ಕನ್ನಡತಿಯಾದ ನನಗೆ ಈ ನಿಯಮವನ್ನು ಓದಿದಾಗ ಆದ ಸಂತೋಷ ಸಣ್ಣದಲ್ಲ.

(ಪರದೆಯ ಮೇಲೆ: 1969ರ ಎಣಿಕೆಯ ಅಂಕಿಗಳು)

1969ರ ಆಗಸ್ಟ್‌ನಲ್ಲಿ ನಡೆದ ಎಣಿಕೆಯನ್ನು ನೋಡಿ. ಕಣದಲ್ಲಿದ್ದ ವಿ. ವಿ. ಗಿರಿ ಅವರು ಅದಕ್ಕೆ ಮೊದಲು ಕೇರಳಕ್ಕೂ ಮೈಸೂರಿಗೂ ರಾಜ್ಯಪಾಲರಾಗಿದ್ದವರು. ಒಬ್ಬೊಬ್ಬ ಶಾಸಕರ ಮತಕ್ಕೂ ರಾಜ್ಯದ ಜನಸಂಖ್ಯೆಯ ಆಧಾರದ ಮೇಲೆ ಮೌಲ್ಯವಿರುವುದರಿಂದ ಮೊತ್ತ ಲಕ್ಷಗಳಲ್ಲಿ ಬರುತ್ತದೆ. ಗೆಲ್ಲಲು ಬೇಕಾದದ್ದು ಅರ್ಧಕ್ಕಿಂತ ಹೆಚ್ಚು, ಅಂದರೆ 4,18,169. ಮೊದಲ ಸುತ್ತಿನಲ್ಲಿ ಗಿರಿ ಅವರಿಗೆ 4,01,515, ನೀಲಂ ಸಂಜೀವ ರೆಡ್ಡಿ ಅವರಿಗೆ 3,13,548, ಸಿ. ಡಿ. ದೇಶಮುಖ್ ಅವರಿಗೆ 1,12,769 ಬಂದವು. ಯಾರೂ ಗುರಿ ಮುಟ್ಟಲಿಲ್ಲ. ಆಗ ಕಡಿಮೆ ಮತದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳ ಕಟ್ಟನ್ನು ಬಿಚ್ಚಿ, ಪ್ರತಿಯೊಂದರಲ್ಲೂ ಮುಂದಿನ ಅಂಕಿ ಯಾರ ಹೆಸರಿನೆದುರು ಇದೆಯೆಂದು ನೋಡಿ ಆ ರಾಶಿಗೆ ಸೇರಿಸಲಾಯಿತು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಸುಮಾರು 88 ಸಾವಿರವಿದ್ದ ಅಂತರ 14,650ಕ್ಕೆ ಇಳಿದಿತ್ತು. ಗೆದ್ದವರು ಬದಲಾಗಲಿಲ್ಲ ನಿಜ, ಆದರೆ ಎರಡನೇ ಆಯ್ಕೆ ಎಣಿಕೆಯನ್ನು ಎಷ್ಟು ಅಲುಗಿಸಬಲ್ಲದೆಂಬುದು ಕಣ್ಣಿಗೆ ಕಂಡಿತು. 88 ಸಾವಿರದ ಅಂತರವೇ ಅಷ್ಟು ಕರಗಿದ ಮೇಲೆ, 89ರ ಅಂತರದ ಮಾತೇನು?

ಸಮಯ ಕಡಿಮೆಯಿರುವುದರಿಂದ ಉಳಿದ ಪದ್ಧತಿಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಫ್ರಾನ್ಸಿನ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಮೊದಲಿಬ್ಬರ ನಡುವೆ ಮತ್ತೊಮ್ಮೆ ಮತದಾನ ನಡೆಯುತ್ತದೆ. ಶ್ರೀಲಂಕಾದಲ್ಲಿ ಮೂರು ಆದ್ಯತೆಗಳವರೆಗೆ ಗುರುತಿಸಬಹುದು, 2024ರಲ್ಲಿ ಅಲ್ಲಿ ಮೊದಲ ಬಾರಿಗೆ ಎರಡನೇ ಎಣಿಕೆ ಬೇಕಾಯಿತು. ನೇಪಾಳದಲ್ಲಿ ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಹೀಗೆ ಎರಡು ಮತಗಳಿದ್ದು, ಪಕ್ಷದ ಮತಗಳ ಪ್ರಮಾಣಕ್ಕೆ ತಕ್ಕಂತೆ ಒಂದಷ್ಟು ಸ್ಥಾನಗಳು ಹಂಚಿಕೆಯಾಗುತ್ತವೆ.

ನಮ್ಮ ಪದ್ಧತಿ ಸರಳವಾಗಿದೆ, ಎಣಿಕೆ ಬೇಗ ಮುಗಿಯುತ್ತದೆ. ಆ ಗುಣವನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮತಯಂತ್ರವೂ ಒಂದೇ ಗುಂಡಿಗೆ ಹೊಂದಿಕೊಂಡಿದೆ, ಆದ್ದರಿಂದಲೇ ರಾಷ್ಟ್ರಪತಿ ಚುನಾವಣೆ ಇಂದಿಗೂ ಕಾಗದದ ಮೇಲೆ ನಡೆಯುತ್ತದೆ. ಆದರೂ ಮೂರು ಬಣಗಳು ಬಲವಾಗಿರುವ ನಮ್ಮಂತಹ ಕ್ಷೇತ್ರಗಳಲ್ಲಿ ಎರಡನೇ ಆಯ್ಕೆಯನ್ನು ಕೇಳಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 2021ರಲ್ಲಿಯೂ ಇಲ್ಲಿನ ಅಂತರ 745 ಮಾತ್ರ. ಮೂರನೇ ಸ್ಥಾನಕ್ಕೆ ಬಿದ್ದ 40,639 ಮತಗಳ ಎರಡನೇ ಆಯ್ಕೆ ಯಾರೆಂಬುದು ಆಗಲೂ ಎಲ್ಲಿಯೂ ದಾಖಲಾಗಲಿಲ್ಲ.