ಅಳಿಸಬೇಕಾದ ಕಡತ

ಕೇಳುಗರೇ, ನಮಸ್ಕಾರ.

ಸರ್ಕಾರಿ ಕೆಲಸಕ್ಕೆ ಆಯ್ಕೆಯಾದ ಹುಡುಗನ ಕೈಗೆ ಒಂದು ನಮೂನೆ ಬರುತ್ತದೆ. ಅಪ್ಪನ ಹೆಸರು, ಊರು, ಓದಿದ ಶಾಲೆ ಎಲ್ಲ ಸಲೀಸಾಗಿ ತುಂಬುತ್ತಾನೆ. ಆಮೇಲೊಂದು ಪ್ರಶ್ನೆ: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ನಿಮ್ಮ ಮೇಲೆ ಮೊಕದ್ದಮೆ ಇತ್ತೇ? ಹದಿನಾರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಯಾರದೋ ಬೈಕು ಎತ್ತಿಕೊಂಡು ಹೋಗಿ ಸಿಕ್ಕಿಬಿದ್ದಿದ್ದವನ ಪೆನ್ನು ಅಲ್ಲೇ ನಿಲ್ಲುತ್ತದೆ. ಹೌದೆಂದರೆ ಕೆಲಸ ಹೋದೀತು, ಇಲ್ಲವೆಂದರೆ ಸುಳ್ಳಾದೀತು. ಮಕ್ಕಳ ಪರ ವಕಾಲತ್ತು ಹಾಕುವ ನಮ್ಮಂಥವರನ್ನು ತಾಯಂದಿರು ಮೊದಲು ಕೇಳುವುದೂ ಇದನ್ನೇ: "ಸಾರ್, ಮುಂದೆ ಇವನಿಗೆ ಕೆಲಸ ಸಿಗುತ್ತಾ?"

ಸಿಗಬೇಕು ಅನ್ನುತ್ತದೆ ಕಾನೂನು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನ ಪ್ರಕಾರ, ಹದಿನೆಂಟು ತುಂಬುವ ಮೊದಲು ಮಾಡಿದ ತಪ್ಪಿಗಾಗಿ ಬಾಲ ನ್ಯಾಯ ಮಂಡಳಿಯ ಮುಂದೆ ಬಂದವರಿಗೆ, ಶಿಕ್ಷೆಯಾದವರಿಗೆ ಅಂಟಿಕೊಳ್ಳುವ ಯಾವ ಅನರ್ಹತೆಯೂ ಅಂಟಬಾರದು. ಆ ಕುರಿತ ದಾಖಲೆಗಳನ್ನು ನಾಶಪಡಿಸಿ ಎಂದು ಮಂಡಳಿಯೇ ಪೊಲೀಸರಿಗೆ ಆದೇಶಿಸಬೇಕು. ಅದಕ್ಕೆ ಒಂದು ಅಪವಾದವುಂಟು. ಹದಿನಾರು ದಾಟಿದ ಮಗು ಘೋರ ಅಪರಾಧದಲ್ಲಿ ಸಿಲುಕಿ, ಮಕ್ಕಳ ನ್ಯಾಯಾಲಯ ಅವನನ್ನು ವಯಸ್ಕನಂತೆ ವಿಚಾರಣೆ ನಡೆಸಿ ತಪ್ಪಿತಸ್ಥನೆಂದರೆ ಈ ರಕ್ಷಣೆ ಇಲ್ಲ, ಕಡತವೂ ಉಳಿಯುತ್ತದೆ. ಬೈಕು ಕದ್ದವನು ಆ ಸಾಲಿಗೆ ಸೇರುವುದಿಲ್ಲ.

2019ರಲ್ಲಿ ಇಂಥದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿದ್ದ ಯುವಕನ ಮೇಲೆ ಅಪ್ರಾಪ್ತನಾಗಿದ್ದಾಗ ಕೇಸೊಂದು ದಾಖಲಾಗಿತ್ತು. ಕೋರ್ಟು ಅವನ ಪರ ನಿಂತಿತು. ಬಾಲ್ಯದ ಕಳಂಕ ಬದುಕಿಡೀ ಬೆನ್ನಿಗಂಟಬಾರದು ಅನ್ನುವುದೇ ಆ ಕಾಯ್ದೆಯ ಉದ್ದೇಶ ಎಂದಿತು.

ಹಾಗಾದರೆ ಕಡತ ಯಾವಾಗ ಅಳಿಯುತ್ತದೆ? 2016ರ ಕೇಂದ್ರದ ಮಾದರಿ ನಿಯಮಗಳು ಹೇಳುವುದು, ಮೇಲ್ಮನವಿಯ ಅವಧಿ ಮುಗಿಯುವ ತನಕ ಅಥವಾ ಏಳು ವರ್ಷ, ಅದಕ್ಕಿಂತ ಹೆಚ್ಚಲ್ಲ. ಈ ಏಳು ವರ್ಷದ ಲೆಕ್ಕ ನನಗಂತೂ ಒಪ್ಪಿಗೆಯಾಗಿಲ್ಲ. ಹದಿನೇಳಕ್ಕೆ ಏಳು ಸೇರಿಸಿ, ಇಪ್ಪತ್ತನಾಲ್ಕು. ಕೆಲಸ ಹುಡುಕಿಕೊಂಡು ಅಲೆಯುವ ವಯಸ್ಸು ಪೂರಾ ಕಡತ ಬೀರುವಿನಲ್ಲೇ ಕೂತಿರಬಹುದು. ಸಮಾಧಾನವೆಂದರೆ ಅಷ್ಟರವರೆಗೂ ಅದನ್ನು ಹೊರಗೆ ತೋರಿಸುವಂತಿಲ್ಲ. ನಡತೆ ಪ್ರಮಾಣಪತ್ರಕ್ಕೆಂದು ಕೇಳಿದರೂ ಪೊಲೀಸರು ಆ ದಾಖಲೆಯನ್ನು ಬಹಿರಂಗ ಮಾಡಕೂಡದು ಎನ್ನುತ್ತದೆ 74ನೇ ಕಲಮು. ಮುಗಿದ ಪ್ರಕರಣಕ್ಕಷ್ಟೇ ಇದ್ದ ಈ ಮಾತು 2021ರ ತಿದ್ದುಪಡಿಯಿಂದ ಇನ್ನೂ ನಡೆಯುತ್ತಿರುವ ಪ್ರಕರಣಕ್ಕೂ ಅನ್ವಯಿಸಿತು.

ಅದೇ ಕಲಮು ಮಾಧ್ಯಮಗಳ ಕೈಯನ್ನೂ ಕಟ್ಟುತ್ತದೆ. ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವಂಥ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಸರು ಬಿಟ್ಟು "ಇಂಥ ಬೀದಿಯ ಗಾರೆ ಕೆಲಸದವರ ಎರಡನೇ ಮಗ" ಎಂದು ಬರೆದರೆ ಆಯಿತಲ್ಲ, ಊರಿಗೆ ಇನ್ನೇನು ಬೇಕು? ನಾನೂ ಈ ಮೈಕಿನ ಮುಂದೆ ನನ್ನ ಕಕ್ಷಿದಾರರ ಕಥೆ ಹೇಳದೆ "ಒಬ್ಬ ಹುಡುಗ" ಎಂದು ಜಾರಿಕೊಳ್ಳುತ್ತಿರುವುದು ಅದಕ್ಕೇ.

ಕಾಗದದ ತೊಡಕು ಇರುವುದು ಅದರ ನಕಲುಗಳಲ್ಲಿ. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರು ಜೊತೆಗಿಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ಹಾಕುವ ಹಾಗೇ ಇಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮನೆಯ ಸ್ಥಿತಿಗತಿಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ಆದರೆ ಬೈಕಿನ ಹುಡುಗನ ಜೊತೆ ಇಪ್ಪತ್ತು ವರ್ಷದ ಗೆಳೆಯನಿದ್ದರೆ ಎಫ್‌ಐಆರ್ ಆಗುತ್ತದೆ. ಇಬ್ಬರ ವಿಚಾರಣೆ ಬೇರೆ ಬೇರೆ ಕಡೆ. ಹುಡುಗನ ಪ್ರಕರಣ ಮಂಡಳಿಯಲ್ಲಿ ತಿಂಗಳುಗಳಲ್ಲಿ ಮುಗಿದರೂ, ಆ ಗೆಳೆಯನ ಚಾರ್ಜ್‌ಶೀಟಿನಲ್ಲಿ ಇವನ ಹೆಸರು ನುಸುಳಿದ್ದರೆ ಅದು ಸಾಮಾನ್ಯ ಕೋರ್ಟಿನಲ್ಲಿ ವರ್ಷಗಟ್ಟಲೆ ತಿರುಗುತ್ತಿರುತ್ತದೆ. ಮಂಡಳಿಯ ಕಡತ ಸುಟ್ಟರೂ ಆ ಹಾಳೆ ಸುಡುವುದಿಲ್ಲ.

ಆದ್ದರಿಂದ ತಂದೆತಾಯಿಗಳೇ, ಅಂತಿಮ ಆದೇಶದ ದಿನ "ಮುಗೀತಲ್ಲ" ಎಂದು ಬಸ್ಸು ಹತ್ತಬೇಡಿ. ದಾಖಲೆ ನಾಶದ ಮಾತು ಆದೇಶದಲ್ಲಿ ಇದೆಯೇ ಎಂದು ವಕೀಲರಿಂದ ಓದಿಸಿ ನೋಡಿ. ಇಲ್ಲದಿದ್ದರೆ ಅರ್ಜಿ ಕೊಡಿಸಿ. ದೊಡ್ಡವನ ಕೇಸಿನ ಕಾಗದದಲ್ಲಿ ಮಗನ ಹೆಸರಿದ್ದರೆ ಅದನ್ನು ಮರೆಮಾಡಲು ಕೇಳಿ. ಆದೇಶದ ಪ್ರತಿಯನ್ನು ಮಾರ್ಕ್ಸ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಗುಟ್ಟಾಗಿರಬೇಕಾದ ವಿಷಯದ ಕಾಗದವನ್ನು ಮನೆಯಲ್ಲೇ ಕಾಪಾಡಿ ಅನ್ನುವುದು ವಿಚಿತ್ರವೇ ಸರಿ. ಆದರೆ ನಾಳೆ ಆ ನಮೂನೆ ಬಂದಾಗ ಹೌದೋ ಇಲ್ಲವೋ ಬರೆಯುವ ಮುನ್ನ ವಕೀಲರ ಮುಂದೆ ಇಡಬೇಕಾದ್ದು ಅದನ್ನೇ. ಫೀಸಿಗೆ ದುಡ್ಡಿಲ್ಲದಿದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ದೂರವಾಣಿ ಸಂಖ್ಯೆ 15100. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ಐದು, ಒಂದು, ಸೊನ್ನೆ, ಸೊನ್ನೆ.

ನಮಸ್ಕಾರ.