ನಾಲಂದಾಕ್ಕೆ ಅನ್ನ ಹಾಕಿದವರು

ಎಲ್ರಿಗೂ ನಮಸ್ಕಾರ. ನಾಲಂದಾ ಅಂದ ತಕ್ಷಣ ಜನ ಕೇಳೋದು ಒಂದೇ, ಸರ್ ಅಲ್ಲಿನ ಲೈಬ್ರರಿ ಎಷ್ಟು ತಿಂಗಳು ಉರೀತು ಅಂತ. ಅಯ್ಯೋ, ಅದು ಆಮೇಲೆ ನೋಡೋಣ, ಮೊದಲು ಅಷ್ಟು ಜನಕ್ಕೆ ಅನ್ನ ಹಾಕ್ತಿದ್ದದ್ದು ಯಾರು ಅಂತ ಕೇಳಿ.

ಬಿಹಾರದ ಈ ಮಹಾವಿಹಾರ, ಅಂದ್ರೆ ಬೌದ್ಧ ಭಿಕ್ಷುಗಳು ಇದ್ದು ಓದ್ತಿದ್ದ ದೊಡ್ಡ ವಿದ್ಯಾಕೇಂದ್ರ, ಶುರುವಾಗಿದ್ದು 5ನೇ ಶತಮಾನದಲ್ಲಿ, ಗುಪ್ತರ ಕುಮಾರಗುಪ್ತನ ಕಾಲಕ್ಕೆ. 7ನೇ ಶತಮಾನದ ಕೊನೆಗೆ ಚೀನಾದಿಂದ ಬಂದ ಇತ್ಸಿಂಗ್, ಇಲ್ಲಿ 3000ಕ್ಕೂ ಹೆಚ್ಚು ಭಿಕ್ಷುಗಳು, 200ಕ್ಕೂ ಹೆಚ್ಚು ಉಂಬಳಿ ಹಳ್ಳಿಗಳು ಅಂತ ಬರೀತಾನೆ. ಅಕ್ಕಿ, ಹಾಲು, ಬೆಣ್ಣೆ ಎಲ್ಲಾ ಹಳ್ಳಿಗಳಿಂದಾನೇ. ಅವನಿಗಿಂತ ಮುಂಚೆ ಬಂದಿದ್ದ ಹ್ಯೂಯೆನ್ ತ್ಸಾಂಗ್‌ಗಂತೂ ದಿನಾ ಒಂದು ಅಳತೆ ಘಮಘಮ ಅನ್ನೋ ಮಹಾಶಾಲಿ ಅಕ್ಕಿ, ಮೇಲೆ 20 ಅಡಿಕೆ! ಶಿರಸಿ, ತೀರ್ಥಹಳ್ಳಿ ಕಡೆಯವರು ಕೇಳಿಸ್ಕೊಳ್ಳಿ.

ಸುವರ್ಣದ್ವೀಪದ, ಅಂದ್ರೆ ಸುಮಾತ್ರಾ ಕಡೆಯ ರಾಜ ಬಾಲಪುತ್ರದೇವ 9ನೇ ಶತಮಾನದಲ್ಲಿ ಅಲ್ಲೊಂದು ವಿಹಾರ ಕಟ್ಟಿಸ್ದ. ಕಟ್ಟಿಸಿ ಕೈತೊಳ್ಕೊಳ್ಳಲಿಲ್ಲ, ಆಗ ಬಂಗಾಳ-ಬಿಹಾರ ಆಳ್ತಿದ್ದ ಪಾಲ ವಂಶದ ರಾಜ ದೇವಪಾಲನನ್ನ ಕೇಳಿ ಅದಕ್ಕೆ 5 ಹಳ್ಳಿ ಬಿಡಿಸ್ದ, ತಾಮ್ರಪಟ ಸಿಕ್ಕಿದೆ. ಹೊಟ್ಟೆಗೆ ಹಿಟ್ಟಿಲ್ದೆ ವ್ಯಾಕರಣ ತಲೆಗೆ ಹೋಗಲ್ಲ ಅಂತ ಅವನಿಗೆ ಗೊತ್ತಿತ್ತು ಸ್ವಾಮಿ.

ಈಗ ನನಗೆ ತುಂಬಾ ಇಷ್ಟವಾದ ಕಥೆ. 1200ರ ಆಸುಪಾಸಿನ ತುರ್ಕರ ದಾಳಿಗಳಾದ್ಮೇಲೆ, 1235ರ ಹೊತ್ತಿಗೆ ಧರ್ಮಸ್ವಾಮಿ ಅನ್ನೋ ಟಿಬೆಟ್ ಭಿಕ್ಷು ಅಲ್ಲಿಗೆ ಬರ್ತಾನೆ, ನೋಡಿದ್ರೆ ಎಲ್ಲಾ ಹಾಳು ಬಿದ್ದಿದೆ, ಆದ್ರೂ ರಾಹುಲ ಶ್ರೀಭದ್ರ ಅಂತ 90 ದಾಟಿದ ಗುರುಗಳು 70 ಹುಡುಗರನ್ನ ಕೂರಿಸ್ಕೊಂಡು ವ್ಯಾಕರಣ ಹೇಳ್ತಿದಾರೆ! 200 ಹಳ್ಳಿ ಎಲ್ಲಿ ಹೋಯ್ತೋ, ಈಗ ಅವರಿಗೆ ಅನ್ನ ಹಾಕ್ತಿದ್ದದ್ದು ಜಯದೇವ ಅನ್ನೋ ಒಬ್ಬ ಬ್ರಾಹ್ಮಣ ಗೃಹಸ್ಥ. ಅವನನ್ನೂ ತುರ್ಕ ಸೈನಿಕರು ಹತ್ತಿರದ ಓದಂತಪುರಿ ಅನ್ನೋ ಊರಲ್ಲಿ ಹಿಡಿದು ಹಾಕಿದ್ರು. ಅಲ್ಲಿಂದಲೇ ಹೇಳಿ ಕಳಿಸ್ದ, ಸೈನಿಕರು ಬರ್ತಿದಾರೆ, ಓಡಿ ಅಂತ. ಹುಡುಗರೆಲ್ಲ ಓಡಿದ್ರು. ಅಜ್ಜ ಎಲ್ಲಿಗೆ ಓಡ್ತಾರೆ? ನೀನೂ ಹೋಗಪ್ಪಾ ಅಂದ್ರೂ ಧರ್ಮಸ್ವಾಮಿ ಕೇಳ್ಲಿಲ್ಲ, ಗುರುಗಳನ್ನ ಬೆನ್ನ ಮೇಲೆ ಹೊತ್ಕೊಂಡ. ಜೊತೆಗೆ ತಗೊಂಡಿದ್ದೇನು ಗೊತ್ತಾ? ಸ್ವಲ್ಪ ಸಕ್ಕರೆ, ಸ್ವಲ್ಪ ಅಕ್ಕಿ, ಒಂದಷ್ಟು ಪುಸ್ತಕ. ನೋಡಿ, ಅಕ್ಕಿ! ಹತ್ತಿರದ ಜ್ಞಾನನಾಥನ ಗುಡಿಯಲ್ಲಿ ಅಡಗಿ ಕೂತ್ರು, ಸೈನಿಕರು ಬಂದ್ರು, ಇವರು ಸಿಕ್ಕಲಿಲ್ಲ, ವಾಪಸ್ ಹೋದ್ರು.

1915ರಿಂದ ನಡೆದ ಉತ್ಖನನ, 2016ರ ಯುನೆಸ್ಕೋ ಪಟ್ಟಿ ಎಲ್ಲಾ ಬರ್ಕೊಂಡು ಬಂದಿದ್ದೆ. ಸ್ಟುಡಿಯೋ ಗಾಜಿನ ಆಚೆಯಿಂದ ಕೈ ಸನ್ನೆ ಆಗ್ತಿದೆ, ಟೈಮ್ ಮುಗೀತಂತೆ. ಲೈಬ್ರರಿ ಪ್ರಶ್ನೆ ಹಾಗೇ ಉಳೀತು, ನಮಸ್ಕಾರ.