ಫೆಡರಲ್ ಕೋರ್ಟಿಗೆ ಹೋಗುವ ಮುನ್ನ ನದಿ ಮೂಲ ಹುಡುಕಿ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ಒಬ್ಬ ಕಿರಿಯ ವಕೀಲರು ತಮ್ಮ ದಾವೆಯ ಕರಡು ಕಳಿಸಿ, ಒಮ್ಮೆ ನೋಡಿಕೊಡಿ ಅಂದರು. 40 ಪುಟ ಇತ್ತು. ಕರಾರು ಹೇಗೆ ಮುರಿಯಿತು, ಎಷ್ಟು ನಷ್ಟವಾಯಿತು, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದರು. ಆದರೆ ಈ ಕೇಸು ಕೇಳುವ ಅಧಿಕಾರ ಅಮೆರಿಕದ ಫೆಡರಲ್ ಕೋರ್ಟಿಗೆ, ಅಂದರೆ ಇಲ್ಲಿನ ಕೇಂದ್ರ ಸರ್ಕಾರದ ಕೋರ್ಟಿಗೆ, ಎಲ್ಲಿಂದ ಬಂತು ಅನ್ನುವುದಕ್ಕೆ ಒಂದೇ ಸಾಲು. 'ವಾದಿ ಟೆಕ್ಸಾಸ್ ನಿವಾಸಿ, ಪ್ರತಿವಾದಿ ಡೆಲವೇರ್ ಎಲ್‌ಎಲ್‌ಸಿ.' ಅಷ್ಟೇ. ಅದನ್ನು ಓದಿದ ಮೇಲೆ ಇವತ್ತಿಗೆ ಅಂತ ಬರೆದಿಟ್ಟಿದ್ದ ಟಿಪ್ಪಣಿಗಳಲ್ಲಿ ಅರ್ಧ ಪಕ್ಕಕ್ಕಿಟ್ಟೆ. ಆ ಒಂದು ಸಾಲಿನ ಬಗ್ಗೆಯೇ ಮಾತಾಡಬೇಕು ಅನಿಸಿತು.

ಎರಡು ಪಕ್ಷದವರು ಬೇರೆ ಬೇರೆ ರಾಜ್ಯದ ಸಿಟಿಜನ್ ಆಗಿದ್ದರೆ, ಇಲ್ಲವೇ ಒಂದು ಕಡೆಯವರು ವಿದೇಶಿ ಆಗಿದ್ದರೆ, ಫೆಡರಲ್ ಕೋರ್ಟಿಗೆ ಹೋಗಬಹುದು. ಇದಕ್ಕೇ ಡೈವರ್ಸಿಟಿ ಅನ್ನುವುದು. ವಾದಿ ಕಡೆಯ ಯಾರೂ ಪ್ರತಿವಾದಿ ಕಡೆಯ ಯಾರೊಬ್ಬರ ರಾಜ್ಯದವರೂ ಆಗಿರಬಾರದು. ಆ ಕರಡಿನಲ್ಲಿ ಸಾಲು ಒಂದೇ, ತಪ್ಪು ಎರಡು. ನಿವಾಸಿ ಅಂದರೆ ಸಾಲದು, ಸಿಟಿಜನ್ ಅನ್ನಬೇಕು. ಟೆಕ್ಸಾಸ್‌ನಲ್ಲಿ ಬಾಡಿಗೆ ಮನೆ ಇದ್ದ ಮಾತ್ರಕ್ಕೆ ಟೆಕ್ಸಾಸ್ ಸಿಟಿಜನ್ ಆಗುವುದಿಲ್ಲ. ಅಲ್ಲೇ ನೆಲೆಸುವ ಮನಸ್ಸು ಇರಬೇಕು. ಎಲ್‌ಎಲ್‌ಸಿ ಅಂದರೆ ಸದಸ್ಯರ ಹೊಣೆ ಸೀಮಿತವಾಗಿರುವ ಕಂಪನಿ. ಅದು ಯಾವ ರಾಜ್ಯದಲ್ಲಿ ನೋಂದಣಿ ಆಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅದರ ಪ್ರತಿಯೊಬ್ಬ ಸದಸ್ಯ ಎಲ್ಲಿಯವನು ಅಂತ ನೋಡಬೇಕು. ಕಾರ್ಪೊರೇಷನ್ನಿಗೆ ಬೇರೆ ಲೆಕ್ಕ. ಅದು ಹುಟ್ಟಿದ ರಾಜ್ಯ ಒಂದು, ಮುಖ್ಯ ಕಚೇರಿ ಇರುವ ರಾಜ್ಯ ಇನ್ನೊಂದು, ಎರಡಕ್ಕೂ ಅದು ಸಿಟಿಜನ್. ಆ ಮುಖ್ಯ ಕಚೇರಿ ಅಂದರೆ ತೀರ್ಮಾನಗಳು ಎಲ್ಲಿ ಆಗುತ್ತವೋ ಆ ಜಾಗ ಅಂತ ಸುಪ್ರೀಂ ಕೋರ್ಟ್ 2010ರ ಹರ್ಟ್ಸ್ ತೀರ್ಪಿನಲ್ಲಿ ಹೇಳಿಯಾಗಿದೆ.

ಇಲ್ಲಿ ಕೂತಿರುವವರಲ್ಲಿ ಜಾಸ್ತಿ ಜನ ಊರಲ್ಲಿ ಎಲ್‌ಎಲ್‌ಬಿ ಮಾಡಿ ಬಂದವರು. ನಮ್ಮ ಸಿಪಿಸಿ, ಅಂದರೆ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಂ ನೆನಪಿದೆ ಅಲ್ವಾ? ದಾವೆ ಹಾಕಿದ ಜಾಗ ಸರಿಯಿಲ್ಲ, ದಾವೆಯ ಮೌಲ್ಯ ಈ ಕೋರ್ಟಿನ ಮಿತಿ ಮೀರಿದೆ ಅನ್ನುವ ತಕರಾರನ್ನು ಮೊದಲೇ ಎತ್ತಬೇಕು. ಸುಮ್ನೆ ಇದ್ದುಬಿಟ್ಟರೆ ಅಪೀಲಿನಲ್ಲಿ ಕೇಳುವವರಿಲ್ಲ. ಆ ಅಭ್ಯಾಸ ನಮ್ಮ ಕೈಗೆ ಅಂಟಿಕೊಂಡಿದೆ. ಇಲ್ಲಿ ಹಾಗಲ್ಲ. ಡೈವರ್ಸಿಟಿ ಕೇಸಿನಲ್ಲಿ 75,000 ಡಾಲರ್ ಮೀರಬೇಕು ಅನ್ನುವುದೂ ಕೋರ್ಟಿನ ಅಧಿಕಾರದ ಪ್ರಶ್ನೆಯೇ. ನೀವು ಒಪ್ಪಿದರೂ ಆ ಅಧಿಕಾರ ಬರುವುದಿಲ್ಲ, ಎದುರಾಳಿ ಒಪ್ಪಿದರೂ ಬರುವುದಿಲ್ಲ. ಅಮೆರಿಕದ ಸಂವಿಧಾನದ ಮೂರನೇ ವಿಧಿಯ ಮಿತಿಯೊಳಗೆ ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಕೊಟ್ಟಷ್ಟೇ ಅಧಿಕಾರ. ಉಳಿದದ್ದು ರಾಜ್ಯಗಳ ಕೋರ್ಟುಗಳ ಸ್ವತ್ತು. ಆ ಗಡಿಯನ್ನು ಇಬ್ಬರು ಕಕ್ಷಿದಾರರು ಸೇರಿ ಸರಿಸುವುದಕ್ಕೆ ಆಗುವುದಿಲ್ಲ.

ಇದು ಎಷ್ಟು ಹಳೆಯ ಮಾತು ಅಂದರೆ, 1804ರ ಕೇಪ್ರನ್ ಕೇಸಿನಲ್ಲಿ ದಾವೆ ಹಾಕಿದವನೇ ಸೋತ. ಸೋತವನೇ ಸುಪ್ರೀಂ ಕೋರ್ಟಿಗೆ ಹೋಗಿ, ನಾನು ಎಲ್ಲಿಯವನು ಅಂತ ನನ್ನ ದಾವೆಯಲ್ಲಿ ಹೇಳೇ ಇಲ್ಲ, ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಅಂದ. ತೀರ್ಪು ರದ್ದಾಯಿತು.

ಈಗ ನದಿಯ ಕಥೆಗೆ ಬರುತ್ತೇನೆ. ನನ್ನ ಮಾತು ಮೊದಲು ಕೇಳಿದವರು ಇದನ್ನೂ ಕೇಳಿರುತ್ತೀರಿ. ಆದರೂ ಹೇಳುತ್ತೇನೆ.

1972ರ ಜನವರಿ. ಕೆಲಸದ ಜಾಗದಲ್ಲಿ ಒಬ್ಬ ಮನುಷ್ಯ ಉಕ್ಕಿನ ಕ್ರೇನಿನ ಪಕ್ಕ ನಡೆದು ಹೋಗುತ್ತಿದ್ದ. ಕ್ರೇನಿನ ತೋಳು ಹೈಟೆನ್ಷನ್ ತಂತಿಯ ತೀರಾ ಹತ್ತಿರ ಹೋಯಿತು. ಕರೆಂಟು ಹೊಡೆದು ಆತ ಸತ್ತ. ಅವನ ಹೆಂಡತಿ, ಶ್ರೀಮತಿ ಕ್ರೋಗರ್, ಅಯೋವಾ ರಾಜ್ಯದವರು. ತಂತಿ ನೆಬ್ರಾಸ್ಕಾದ ಒಮಾಹಾ ವಿದ್ಯುತ್ ಸಂಸ್ಥೆಯದು. ಅದರ ಮೇಲೆ ನೆಬ್ರಾಸ್ಕಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹಾಕಿದರು. ಇಬ್ಬರೂ ಬೇರೆ ಬೇರೆ ರಾಜ್ಯ. ಸರಿ. ವಿದ್ಯುತ್ ಸಂಸ್ಥೆ, ತಪ್ಪು ನಮ್ಮದಲ್ಲ ಅಂತ ಕ್ರೇನ್ ಇಟ್ಟಿದ್ದ ಓವನ್ ಕಂಪನಿಯನ್ನು ಒಳಗೆ ಎಳೆಯಿತು. ಆಕೆ ದಾವೆ ತಿದ್ದಿ ಓವನ್ ಮೇಲೂ ನೇರವಾಗಿ ಪರಿಹಾರ ಕೇಳಿದರು. ಓವನ್ ನೆಬ್ರಾಸ್ಕಾದ ಕಂಪನಿ, ಮುಖ್ಯ ಕಚೇರಿಯೂ ನೆಬ್ರಾಸ್ಕಾ ಅಂತ ಬರೆದರು. ಓವನ್ ಏನು ಉತ್ತರ ಕೊಟ್ಟಿತು? ನಾವು ನೆಬ್ರಾಸ್ಕಾ ಕಾನೂನಿನಡಿ ಹುಟ್ಟಿದ ಕಂಪನಿ, ಅದು ನಿಜ. ಉಳಿದದ್ದೆಲ್ಲ ಅಲ್ಲಗಳೆಯುತ್ತೇವೆ ಅಂದಿತು. ಆ 'ಉಳಿದದ್ದೆಲ್ಲ' ಅನ್ನುವುದರ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ. ವಿದ್ಯುತ್ ಸಂಸ್ಥೆ ಮಧ್ಯದಲ್ಲೇ ಕೇಸಿನಿಂದ ಬಿಡುಗಡೆ ಆಯಿತು. ಉಳಿದವರು ಆಕೆ ಮತ್ತು ಓವನ್.

ವಿಚಾರಣೆಯ ಮೂರನೇ ದಿನ ಹೊರಬಿತ್ತು, ಓವನ್ ಮುಖ್ಯ ಕಚೇರಿ ಅಯೋವಾದಲ್ಲಿದೆ ಅಂತ.

ಹೇಗೆ ಗೊತ್ತಾಗಲಿಲ್ಲ ಅಂತೀರಾ? ಆ ಭಾಗದಲ್ಲಿ ಎರಡು ರಾಜ್ಯಗಳಿಗೂ ಮಿಸೌರಿ ನದಿಯೇ ಗಡಿ. ಪೂರ್ವಕ್ಕೆ ಅಯೋವಾ, ಪಶ್ಚಿಮಕ್ಕೆ ನೆಬ್ರಾಸ್ಕಾ. ಓವನ್ ಕಚೇರಿ ಇದ್ದ ಕಾರ್ಟರ್ ಲೇಕ್ ಅನ್ನುವ ಪುಟ್ಟ ಊರು ಮಾತ್ರ ನದಿಯ ಪಶ್ಚಿಮಕ್ಕಿದೆ. 1877ರಲ್ಲಿ ನದಿ ಏಕಾಏಕಿ ದಾರಿ ಬದಲಿಸಿತು. ಬಳಸು ದಾರಿ ಬಿಟ್ಟು ನೆಟ್ಟಗೆ ಹರಿಯಿತು. ಅಯೋವಾದ ನೆಲ ಒಮಾಹಾ ಕಡೆಗೆ ಉಳಿದುಬಿಟ್ಟಿತು. ನದಿ ಹೀಗೆ ಒಮ್ಮೆಲೇ ಹಾರಿದರೆ ಗಡಿ ಹಳೆಯ ಜಾಗದಲ್ಲೇ ಇರುತ್ತದೆ ಅಂತ 1892ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಾನು ಒಮಾಹಾಕ್ಕೆ ಹೋದಾಗ ವಿಮಾನ ನಿಲ್ದಾಣದಿಂದ ಪೇಟೆಗೆ ಹೋಗುವ ದಾರಿಯಲ್ಲಿ ಆ ಊರು ನೋಡಿದೆ. ನದಿ ದಾಟಲೇ ಇಲ್ಲ, ಆದರೂ ಕೆಲವು ನಿಮಿಷ ಅಯೋವಾದಲ್ಲಿದ್ದೆ.

ಜ್ಯೂರಿ ಆಕೆಯ ಪರ ತೀರ್ಪು ಕೊಟ್ಟಿತು. ಓವನ್ ಬೇಕಂತಲೇ ಮುಚ್ಚಿಟ್ಟಿತು ಅನ್ನುವ ವಾದವೂ ಇತ್ತು. 1978ರಲ್ಲಿ ಸುಪ್ರೀಂ ಕೋರ್ಟ್ ಅದನ್ನೆಲ್ಲ ಬದಿಗಿಟ್ಟಿತು. ಮುಚ್ಚಿಟ್ಟರೋ ಇಲ್ಲವೋ, ಕೋರ್ಟಿಗೆ ಅಧಿಕಾರ ಇಲ್ಲ ಅಂದರೆ ಇಲ್ಲ. ಗೆದ್ದ ತೀರ್ಪು ಹೋಯಿತು.

ಋಷಿ ಮೂಲ, ನದಿ ಮೂಲ ಹುಡುಕಬಾರದು ಅಂತ ನಮ್ಮಲ್ಲಿ ಮಾತಿದೆ. ಋಷಿಗಳ ವಿಷಯ ಬಿಡೋಣ. ಡೈವರ್ಸಿಟಿ ಕೇಸು ಹಾಕುವವರು ನದಿ ಮೂಲ ಹುಡುಕಲೇಬೇಕು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸುಮಾರು 20 ವರ್ಷದ ಹಿಂದೆ ಸಣ್ಣ ವ್ಯಾಪಾರ ಮಾಡುವ ಒಬ್ಬ ಹೆಣ್ಣುಮಗಳ ಕೇಸು ನನ್ನ ಹತ್ತಿರ ಬಂತು. ಮಾವಿನಹಣ್ಣಿನ ರಟ್ಟಿನ ಡಬ್ಬದಲ್ಲಿ ಎಲ್ಲ ಬಿಲ್ಲು, ಎಲ್ಲ ಪತ್ರ ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದರು. ಎದುರಾಳಿ ಒಂದು ಎಲ್‌ಎಲ್‌ಸಿ. ಬೇರೆ ರಾಜ್ಯದ್ದು ಅಂತ ಬರೆದೆ. ಅವರ ವಕೀಲರು ಒಪ್ಪಿಕೊಂಡು ಸಹಿ ಹಾಕಿದರು. ಎರಡು ವರ್ಷ ಕೇಸು ನಡೆಯಿತು. ವಿಚಾರಣೆಗೆ ಒಂದು ವಾರ ಇರುವಾಗ ಜಡ್ಜ್ ಎರಡು ಸಾಲಿನ ಆದೇಶ ಮಾಡಿದರು. ಪ್ರತಿವಾದಿಯ ಪ್ರತಿ ಸದಸ್ಯನ ಸಿಟಿಜನ್‌ಶಿಪ್ ತಿಳಿಸಿ ಅಂತ. ಹುಡುಕಿದೆವು. ಎಲ್‌ಎಲ್‌ಸಿ ಒಳಗೆ ಇನ್ನೊಂದು ಎಲ್‌ಎಲ್‌ಸಿ, ಅದರೊಳಗೆ ಒಂದು ಪಾಲುದಾರಿಕೆ. ಅದರಲ್ಲಿ ನೂರಕ್ಕೆ ಎರಡರಷ್ಟು ಪಾಲಿದ್ದ ಒಬ್ಬ ನಿವೃತ್ತ ದಂತವೈದ್ಯರು. ಮನೆ ನನ್ನ ಕಕ್ಷಿದಾರರ ಊರಲ್ಲೇ. ಕೇಸು ವಜಾ ಆಯಿತು. ಅವರಿಗೆ ಹೇಳಿದಾಗ ಒಂದೇ ಪ್ರಶ್ನೆ ಕೇಳಿದರು. 'ಹಾಗಾದ್ರೆ ಯಾರದು ಸರಿ ಅಂತ ಕೋರ್ಟು ಹೇಳಲೇ ಇಲ್ವಾ?' ಇಲ್ಲ. ರಾಜ್ಯದ ಕೋರ್ಟಿನಲ್ಲಿ ಮತ್ತೆ ಮೊದಲಿಂದ ಶುರು ಮಾಡಿದೆವು. ಆ ಎರಡು ವರ್ಷ ನಾನು ಅವರಿಗೆ ವಾಪಸ್ಸು ಕೊಡಲಿಲ್ಲ, ಕೊಡುವುದಕ್ಕೆ ಆಗುವುದೂ ಇಲ್ಲ.

ಈಗ ಸ್ವಲ್ಪ ಅನುಕೂಲ ಆಗಿದೆ. 2022ರ ಡಿಸೆಂಬರಿನಿಂದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ ರೂಲ್ 7.1 ಪ್ರಕಾರ ಡೈವರ್ಸಿಟಿ ಕೇಸಿನಲ್ಲಿ ಪ್ರತಿ ಪಕ್ಷವೂ ತನ್ನ ಲೆಕ್ಕಕ್ಕೆ ಬರುವ ಎಲ್ಲರ ಸಿಟಿಜನ್‌ಶಿಪ್ಪನ್ನು ಶುರುವಿನಲ್ಲೇ ಬರೆದುಕೊಡಬೇಕು. ಆ ಹಾಳೆಯನ್ನು ಫೈಲಿಗೆ ಸೇರಿಸಿ ಮರೆಯಬೇಡಿ. ಓದಿ. ಸದಸ್ಯ ಮನುಷ್ಯನೋ ಇನ್ನೊಂದು ಸಂಸ್ಥೆಯೋ ನೋಡಿ. ಸಂಸ್ಥೆಯಾದರೆ ಮತ್ತೆ ಕೆಳಗಿಳಿಯಿರಿ. ಮೂಲ ಸಿಗುವ ತನಕ.

ನಮ್ಮ ಜನಕ್ಕೆ ಬೇಕಾದ ಒಂದು ಮಾತು. ಇಬ್ಬರು ಕನ್ನಡಿಗರು ಸೇರಿ ಹೋಟೆಲು ಮಾಡಿ ಜಗಳ ಆಡಿದರು ಅಂದುಕೊಳ್ಳಿ. ಒಬ್ಬ ಡಲ್ಲಾಸ್, ಒಬ್ಬ ಸ್ಯಾನ್ ಹೋಸೆ. ಇಬ್ಬರೂ ಎಚ್‌-1ಬಿ, ಇಬ್ಬರದೂ ಭಾರತದ ಪಾಸ್‌ಪೋರ್ಟು. ರಾಜ್ಯ ಬೇರೆ ಬೇರೆ ಅಲ್ವಾ ಅಂತ ಫೆಡರಲ್ ಕೋರ್ಟಿಗೆ ಓಡಬೇಡಿ. ವಿದೇಶಿ ವಿರುದ್ಧ ವಿದೇಶಿ ಅಂದರೆ ಡೈವರ್ಸಿಟಿ ಇಲ್ಲ. ಎಚ್‌-1ಬಿ ಮೇಲಿರುವವರು ತಮ್ಮದೇ ರಾಜ್ಯದ ಅಮೆರಿಕನ್ ಮೇಲೆ ದಾವೆ ಹಾಕಿದರೆ ಇದೆ. ಅವರಿಗೇ ಗ್ರೀನ್ ಕಾರ್ಡ್ ಬಂದು ಅದೇ ರಾಜ್ಯದಲ್ಲಿ ನೆಲೆಸಿದರೆ ಮತ್ತೆ ಇಲ್ಲ. ಇನ್ನೂ ಸೋಜಿಗದ್ದು ಕೇಳಿ. ಅಮೆರಿಕದ ಸಿಟಿಜನ್ ಆಗಿ, ರಿಟೈರ್ ಆದ ಮೇಲೆ ಮೈಸೂರಿಗೆ ಹೋಗಿ ನೆಲೆಸಿದವರು ಇದ್ದಾರಲ್ಲ, ಅವರು ಈ ಲೆಕ್ಕದಲ್ಲಿ ಯಾವ ರಾಜ್ಯಕ್ಕೂ ಸೇರಿದವರಲ್ಲ, ವಿದೇಶಿಯೂ ಅಲ್ಲ. ವೆನೆಜುವೆಲಾದಲ್ಲಿ ನೆಲೆಸಿದ್ದ ಒಬ್ಬ ಅಮೆರಿಕನ್ ವಿಷಯದಲ್ಲಿ 1989ರ ನ್ಯೂಮನ್-ಗ್ರೀನ್ ಕೇಸು ಇದನ್ನೇ ಹೇಳಿತು. ಪುಣ್ಯಕ್ಕೆ ಅಲ್ಲಿ ಅವನೊಬ್ಬನನ್ನು ಕೈಬಿಟ್ಟು ಕೇಸು ಉಳಿಸಿಕೊಳ್ಳಲು ಬಿಟ್ಟರು. ಆದ್ದರಿಂದ ಕಕ್ಷಿದಾರರನ್ನು ನೇರವಾಗಿ ಕೇಳಿ. ಪಾಸ್‌ಪೋರ್ಟ್ ಯಾವುದು? ವೀಸಾ ಏನು? ಮನೆ ಎಲ್ಲಿ? ಅಲ್ಲೇ ಇರ್ತೀರಾ?

ಇನ್ನು ವಾದ. ನೀವು ಪ್ರತಿವಾದಿ ಪರ ಇದ್ದರೆ 12(ಬಿ)(1) ಅರ್ಜಿ, ಅಂದರೆ ಅಧಿಕಾರವಿಲ್ಲದ್ದಕ್ಕೆ ಕೇಸು ವಜಾ ಮಾಡಿ ಅನ್ನುವ ಅರ್ಜಿ, ಎರಡು ಥರ. ದಾವೆಯಲ್ಲಿ ಬರೆದದ್ದೇ ಸಾಲದು ಅನ್ನುವುದು ಒಂದು. ಆಗ ಕೋರ್ಟು ದಾವೆಯ ಮಾತನ್ನು ನಿಜ ಅಂತ ಹಿಡಿದೇ ನೋಡುತ್ತದೆ. ಬರೆದದ್ದು ನಿಜವಲ್ಲ ಅನ್ನುವುದು ಇನ್ನೊಂದು. ಆಗ ಅಫಿಡವಿಟ್ಟು, ಸಾಕ್ಷ್ಯ ಎಲ್ಲ ಬರುತ್ತದೆ, ರುಜುವಾತು ಹೊರೆ ಫೆಡರಲ್ ಕೋರ್ಟು ಬೇಕು ಅಂದವರ ಮೇಲೆ. ಯಾವುದು ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಹೇಳಿ.

ನೀವು ವಾದಿ ಪರ ಇದ್ದರೆ ಹೆದರಿ ಎಲ್ಲವನ್ನೂ ಜೂರಿಸ್‌ಡಿಕ್ಷನ್, ಅಂದರೆ ಕೋರ್ಟಿನ ಅಧಿಕಾರದ ಪ್ರಶ್ನೆ, ಅಂತ ಒಪ್ಪಬೇಡಿ. ನ್ಯೂ ಆರ್ಲಿಯನ್ಸ್‌ನ ಒಂದು ಕೆಫೆಯಲ್ಲಿ ಕೆಲಸಕ್ಕಿದ್ದ ಆರ್ಬಾ ಅನ್ನುವಾಕೆ ಲೈಂಗಿಕ ಕಿರುಕುಳದ ಕೇಸಿನಲ್ಲಿ 40,000 ಡಾಲರ್ ಗೆದ್ದರು. ಎರಡು ವಾರ ಆದ ಮೇಲೆ ಮಾಲೀಕರು ಬಂದು, ನಮ್ಮಲ್ಲಿ 15 ಜನ ನೌಕರರೇ ಇಲ್ಲ, ಆ ಕಾನೂನು ನಮಗೆ ಅನ್ವಯಿಸುವುದಿಲ್ಲ, ಕೋರ್ಟಿಗೆ ಅಧಿಕಾರವಿಲ್ಲ ಅಂದರು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇದು ಅಧಿಕಾರದ ಮಿತಿ ಅಂತ ಕಾಂಗ್ರೆಸ್ ಸ್ಪಷ್ಟವಾಗಿ ಹೇಳಿರಬೇಕು, ಹೇಳದಿದ್ದರೆ ಅದು ದಾವೆಯ ಒಂದು ಅಂಶ ಮಾತ್ರ, ಮೊದಲೇ ಎತ್ತದಿದ್ದರೆ ಹೋಯಿತು ಅಂದರು ಜಸ್ಟಿಸ್ ಗಿನ್ಸ್‌ಬರ್ಗ್. ಈ ತೀರ್ಪನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಐದು ನಿಮಿಷ ಅಂತ ಚೀಟಿ ಬಂದಿದೆ. ಫೆಡರಲ್ ಪ್ರಶ್ನೆ, ಅಂದರೆ ಫೆಡರಲ್ ಕಾನೂನಿನಡಿ ಹುಟ್ಟುವ ಕೇಸುಗಳ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಇರಲಿ. ಉಚಿತ ಪಾಸು ನಿಲ್ಲಿಸಿದ ರೈಲು ಕಂಪನಿ ಮೇಲೆ ದಾವೆ ಹಾಕಿದ ಮಾಟ್ಲಿ ದಂಪತಿಯ ಕಥೆ ನಿಮಗೆಲ್ಲ ಗೊತ್ತು. 1908ರಲ್ಲಿ ಎರಡೂ ಕಡೆಯವರು ಸುಮ್ಮನಿದ್ದರೂ ಸುಪ್ರೀಂ ಕೋರ್ಟ್ ತಾನಾಗಿ ಕೇಳಿ ಹೊರಗೆ ಕಳಿಸಿತು. ಫೆಡರಲ್ ಕಾನೂನು ನಿಮ್ಮ ದಾವೆಯ ಒಳಗಿಂದ ಹುಟ್ಟಬೇಕು, ಎದುರಾಳಿ ಮುಂದೆ ಹೇಳಬಹುದಾದ ಸಮರ್ಥನೆಯಿಂದಲ್ಲ. ರಾಜ್ಯದ ಕೋರ್ಟಿನಿಂದ ಇಲ್ಲಿಗೆ ಎಳೆದು ತಂದ ಕೇಸಿನಲ್ಲಿ, ಬೇರೆ ನ್ಯೂನತೆಗಳಿಗೆ ತಕರಾರು ಎತ್ತಲು 30 ದಿನ. ಅಧಿಕಾರದ ತಕರಾರಿಗೆ ದಿನದ ಮಿತಿ ಇಲ್ಲ. 2025ರ ಜನವರಿಯ ರಾಯಲ್ ಕ್ಯಾನಿನ್ ತೀರ್ಪು ಓದಿ. ಹಾಗೆ ತಂದ ಮೇಲೆ ವಾದಿ ದಾವೆ ತಿದ್ದಿ ಫೆಡರಲ್ ಕಾನೂನಿನ ಅಂಶಗಳನ್ನೆಲ್ಲ ತೆಗೆದುಹಾಕಿದರೆ, ಉಳಿದ ರಾಜ್ಯ ಕಾನೂನಿನ ಅಂಶಗಳನ್ನು ಕೇಳುವ ಅಧಿಕಾರವೂ ಫೆಡರಲ್ ಕೋರ್ಟಿಗೆ ಉಳಿಯುವುದಿಲ್ಲ.

ಉಳಿದದ್ದು ಊಟದ ಹೊತ್ತಿಗೆ ಮಾತಾಡೋಣ, ನಾನು ಇಲ್ಲೇ ಇರುತ್ತೇನೆ. ಕೈಯಲ್ಲಿ ಕರಡು ಇದ್ದವರು ತನ್ನಿ. ಮೊದಲ ಪ್ಯಾರಾ ಒಟ್ಟಿಗೆ ಓದೋಣ.